ಮಳೆಗಾಲದಲ್ಲಿ ನೋಡಿದ ಮನೆ

ಬಿಳಿಚೋಡು, ಜಗಳೂರು ತಾಲ್ಲೂಕು
೫–೧೦–೧೯೪೪

ಪ್ರೀತಿಯ ರುದ್ರಾಣಿಗೆ, ಧರ್ಮಪ್ಪ ದಿನಾ ನೆನೆದುಕೊಂಡು ಬರೆಯುವುದು.

ನಿನ್ನ ಕಾಗದ ಬಂದು ಸೇರಿತು. ಮೊದಲು ನಿನ್ನ ಮೈ ಹೇಗಿದೆ, ಅದನ್ನು ಹೇಳು. ಸಂಜೆ ಹೊತ್ತು ಬರುತ್ತಿದ್ದ ಜ್ವರ ಪೂರ್ತಿ ನಿಂತಿದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಅವ್ವ ಮತ್ತೆ ಮತ್ತೆ ಓದಿಸಿದಳು. ಓದಿದ್ದು ಮುಗಿದ ಮೇಲೂ ಕಾಗದವನ್ನು ನನ್ನ ಕೈಯಿಂದ ಇಸಕೊಂಡು, ಅಕ್ಷರ ಬಾರದಿದ್ದರೂ ಆ ಸಾಲು ಯಾವುದು ಎಂದು ಕೇಳಿ ಬೆರಳಿಟ್ಟು ನೋಡಿದಳು. ತೂಕ ಹೆಚ್ಚಿದೆ ಅಂದಿದ್ದೀಯ, ಎಷ್ಟು ಅಂತ ಬರೆದಿಲ್ಲ. ನಿನ್ನ ಗಂಡ ಅಳತೆ ಹಿಡಿದು ಬದುಕೋ ದರ್ಜಿ ಎಂಬುದು ಮರೆತುಹೋಯಿತೇ? ಹೇಳಿದರೆ ರವಿಕೆಯನ್ನಾದರೂ ಸರಿಯಾಗಿ ಹೊಲಿದಿಡುತ್ತೇನೆ. ಹಾಲು ಬಿಡಬೇಡ. ನಿನ್ನ ಪಕ್ಕದ ಮಂಚದ ಕಡೂರಿನ ಅಜ್ಜಿ ನಿನಗೆ ದಿನಾ ಹಾಡು ಹೇಳಿಕೊಡುತ್ತಾಳೆ ಎಂದು ಬರೆದಿದ್ದೆಯಲ್ಲ, ಆಕೆಗೆ ನನ್ನ ನಮಸ್ಕಾರ ಹೇಳು. ಆದರೆ ಹಾಡುವುದು ಆಕೆಯ ಪಾಲಿಗಿರಲಿ, ನೀನು ಕೇಳುತ್ತಾ ಮಲಗಿರು. ಎದೆಗೆ ಶ್ರಮ ಕೊಡಬಾರದು.

ಇಲ್ಲಿ ನಾವೆಲ್ಲ ಕ್ಷೇಮ. ಮಗಳು ಮಂಗಳಿ ನ್ಯಾಮತಿಯಲ್ಲಿ ನಿನ್ನ ಅವ್ವನ ಹತ್ತಿರ ಚೆನ್ನಾಗಿದ್ದಾಳೆ. ಮೊನ್ನೆ ಹೋಗಿ ನೋಡಿಕೊಂಡು ಬಂದೆ. ಎತ್ತರ ಆಗಿದ್ದಾಳೆ, ಮುಂದಿನ ಎರಡು ಹಲ್ಲು ಬಿದ್ದಿವೆ, ಅದನ್ನು ಮುಚ್ಚಿಕೊಳ್ಳಲು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾಳೆ. ನನ್ನ ಕೆಲಸ ಹೇಗೋ ನಡೆದಿದೆ. ಈ ಯುದ್ಧ ಬಂದು ಹೊಸ ಬಟ್ಟೆಯ ಮುಖ ನೋಡುವುದೇ ಕಷ್ಟವಾಗಿದೆ. ಜನ ಹಳೇ ಕೋಟು ತಂದು ಕೊಡುತ್ತಾರೆ, ನಾನು ಹೊಲಿಗೆ ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಹೊಲಿದು ಕೊಡುತ್ತೇನೆ. ಮೊನ್ನೆ ಮೊನ್ನೆಯ ತನಕ ಇಲ್ಲಿಯ ಒಂದು ಅಂಗಡಿ ಜಗುಲಿಯ ಮೇಲೆ ನನ್ನ ಮಿಷನ್ನು ಕೂತಿತ್ತು. ಈ ಊರು ಅವ್ವನ ತವರಾದ್ದರಿಂದ ಗುರುತಿನವರು ಬಹಳ, ಕೆಲಸಕ್ಕೆ ಕೊರತೆಯಿಲ್ಲ.

ಈಗ ಮನೆಯ ವಿಷಯ. ಹೊನ್ನಾಳಿಯ ನಮ್ಮ ಮನೆ ಹೊಳೆ ದಂಡೆಗೆ ಇರುವುದು. ಮಳೆಗಾಲದಲ್ಲಿ ನೆನೆದ ಗೋಡೆ ಒಣಗಬೇಕಾದರೆ ಸಂಕ್ರಾಂತಿ ದಾಟಬೇಕು, ಚಳಿ ಶುರುವಾದರೆ ಹೊಳೆಯ ಮಂಜು ಸೀದಾ ಅಡಿಗೆ ಒಲೆಯ ತನಕ ಬರುತ್ತದೆ. ನಿನ್ನನ್ನು ಅಲ್ಲಿಗೆ ಮಾತ್ರ ಕರೆದುಕೊಂಡು ಹೋಗಬಾರದು ಎಂದು ಮೈಸೂರಿನ ನಿಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ಎತ್ತರದ ಜಾಗ ಬೇಕು, ಒಣ ಗಾಳಿ ಬೇಕು ಅಂದರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. ನಿನ್ನ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತುಂಬುತ್ತಾರಲ್ಲ, ಆ ಗಾಳಿಯ ಒತ್ತಡದಿಂದಲೇ ಕೆಟ್ಟ ಮಗ್ಗುಲಿನ ಶ್ವಾಸಕೋಶ ಮುದುರಿಕೊಂಡು ಸುಮ್ಮನೆ ಮಲಗಿ ವಾಸಿಯಾಗುತ್ತಿದೆಯಂತೆ. ಆಸ್ಪತ್ರೆ ಬಿಟ್ಟ ಮೇಲೂ ಇನ್ನೂ ಎರಡು ವರ್ಷ, ಹದಿನೈದು ದಿನಕ್ಕೊಮ್ಮೆ ಗಾಳಿ ಹಾಕಿಸುತ್ತಲೇ ಇರಬೇಕು. ತಪ್ಪಿಸಿದರೆ ಒಳಗಿನ ಗಾಳಿ ಇಂಗಿ, ಮಲಗಿದ್ದು ಮತ್ತೆ ಎದ್ದು ಕೂತು, ಇಷ್ಟು ದಿನ ಪಟ್ಟ ಪಾಡೆಲ್ಲ ನೀರಿಗೆ ಹೋಗುತ್ತದೆ. ನಮ್ಮ ಈ ಸೀಮೆಯಲ್ಲಿ ಆ ಯಂತ್ರ ಇಟ್ಟುಕೊಂಡಿರುವ ಡಾಕ್ಟರು ದಾವಣಗೆರೆಯಲ್ಲಿ ಒಬ್ಬರು ಸಿಕ್ಕಿದರು, ಒಪ್ಪಿಕೊಂಡಿದ್ದಾರೆ. ಅಂದರೆ ನಿನಗೆ ಬೇಕಾದದ್ದು ಗುಡ್ಡದ ಮೇಲಿನ ಮನೆ. ಅಲ್ಲಿಂದ ಎಂಥಾ ಮಳೆಯಲ್ಲೂ ದಾವಣಗೆರೆಗೆ ಹೋಗಿ ಬರುವಂತಿರಬೇಕು. ಇವೆರಡೂ ಒಂದೇ ಕಡೆ ಸಿಗುವುದು ಎಷ್ಟು ಕಷ್ಟ ಎಂದು ನನಗೆ ಮೊದಲು ತಿಳಿಯಲಿಲ್ಲ.

ನೀನು ಬೇರೆ ಯುಗಾದಿ ಹೊತ್ತಿಗೆ ಬರೆದ ಕಾಗದದಲ್ಲಿ ಒಂದೇ ಒಂದು ಆಸೆ ಹೇಳಿಕೊಂಡಿದ್ದೆ. ಯಾರ ಕಣ್ಣೂ ಬೀಳದ ಕಡೆ ಮನೆ ಮಾಡಿರಿ, ಕ್ಷಯದವಳು ಬಂದಳು ಎಂದು ಬಾಗಿಲು ಹಾಕಿಕೊಳ್ಳುವವರ ಮುಖ ನೋಡುವ ಶಕ್ತಿ ನನಗಿಲ್ಲ ಎಂದು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಬೇಸಿಗೆಯಲ್ಲಿ ಗೋಣೆಪ್ಪನವರ ಮನೆ ನೋಡಿದಾಗ, ಇದು ನಿನಗೆಂದೇ ಕಟ್ಟಿದ್ದು ಅನ್ನಿಸಿತು. ಗೋಣೆಪ್ಪ ಎಂದರೆ ಇಲ್ಲಿ ಗುಡ್ಡದ ನೆತ್ತಿಯ ಮೇಲಿರುವ ಹಟ್ಟಿಯ ಹಿರಿಯರು, ಕುರಿ ದನ ಬಹಳ ಉಂಟು. ಅವರ ತಮ್ಮನ ಪಾಲಿನ ಕಲ್ಲಿನ ಮನೆ ಖಾಲಿ ಬಿದ್ದಿದೆ. ಮುಂದೆ ಅಗಲವಾದ ಪಡಸಾಲೆ, ಮೂಡಣ ಬಿಸಿಲು ಸೀದಾ ಮಂಚಕ್ಕೇ ಬರುವಂಥ ಬಾಗಿಲು, ಹಿಂದೆ ಬಂಡೆಯ ಸಂದಿನಲ್ಲಿ ಸಿಹಿನೀರಿನ ದೊಣೆ. ಗಾಳಿ ಹೇಗೆ ಬೀಸುತ್ತದೆ ಎಂದರೆ ನನ್ನ ಟೋಪಿ ಹಾರಿಹೋಗಿ ಕುರಿಹಟ್ಟಿಯಲ್ಲಿ ಬಿತ್ತು. ನೆರೆ ಇಲ್ಲ, ಹೊರೆ ಇಲ್ಲ. ನಿನ್ನ ಕಾಯಿಲೆಯ ವಿಷಯ ಹೇಳಿದರೂ ಗೋಣೆಪ್ಪ ಹುಬ್ಬು ಕೂಡ ಏರಿಸಲಿಲ್ಲ. "ಬಾಡಿಗೆ ಗೀಡಿಗೆ ಬ್ಯಾಡ್ರಿ, ದೀಪ ಹಚ್ಚೋರು ಬಂದ್ರೆ ಸಾಕು" ಅಂದರು. ಆ ಹೊತ್ತಿಗೆ ಬಿಳಿಚೋಡಿನಲ್ಲಿ ಎರಡು ಮನೆಯವರು ಕಾಯಿಲೆಯ ಹೆಸರು ಕೇಳಿದ ಕೂಡಲೇ ಬೀಗದ ಕೈ ವಾಪಸ್ಸು ಇಸಕೊಂಡಿದ್ದರು. ನನಗೆ ಗೋಣೆಪ್ಪನ ಕಾಲು ಮುಟ್ಟುವಷ್ಟು ಸಂತೋಷವಾಯಿತು. ಅಂದೇ ಮಾತು ಕೊಡುವವನಿದ್ದೆ, ಅವ್ವನಿಗೊಂದು ಮಾತು ಹೇಳಿ ಬರೋಣ ಎಂದು ಹೊರಟೆ.

ತಡೆದವಳು ಅವ್ವ. ಹೊನ್ನಾಳಿಗೆ ಹೋಗಿ ಹೇಳಿದರೆ, ಎಲ್ಲ ಕೇಳಿಕೊಂಡು, "ಬ್ಯಾಸಿಗ್ಯಾಗೆ ಯಾವ ದಾರಿನೂ ಒಳ್ಳೇದೇ ಕಣಪ್ಪಾ. ಮಳೆ ಹುಯ್ಯೋವಾಗ ಆ ಮನೆಯಿಂದ ಒಂದು ಸಲ ಬಸ್ಸಿಗೆ ಬಂದು ನೋಡಾಣ. ರುದ್ರಾಣಿ ಜಾಗದಾಗೆ ನಾನು ಕೂರ್ತೀನಿ" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಮಳೆ ಹಿಡಿದ ಮೇಲೆ ಗಂಟು ಕಟ್ಟಿಕೊಂಡು ಬಿಳಿಚೋಡಿಗೆ ಬಂದೇಬಿಟ್ಟಳು. ಉತ್ತರೆ ಮಳೆ ಚೆನ್ನಾಗಿ ಇಳಿಯುವ ತನಕ ಕಾದು, ಒಂದು ಸಂಜೆ ಇಬ್ಬರೂ ಗೋಣೆಪ್ಪನ ಮನೆಗೆ ಹತ್ತಿಹೋಗಿ ಅಲ್ಲೇ ಉಳಿದೆವು. ಬೆಳಗಾಗೆದ್ದು ಕಮಾನು ಗಾಡಿ ಕಟ್ಟಿಸಿ, ಒಳಗೆ ಹುಲ್ಲು ಹಾಕಿ, ಮೇಲೆ ಕಂಬಳಿ ಹಾಸಿ, ಅವ್ವನನ್ನು ಮಲಗಿಸಿದೆ. ಕಾಯಿಲೆಯವಳು ಅಂದಮೇಲೆ ಕೂತು ಬರುವುದು ಸರಿಯಲ್ಲ ಎಂದು ಅವಳೇ ಹಠ ಮಾಡಿ ಮಲಗಿದಳು. ಗಾಡಿ ಹೊಡೆಯಲು ಗೋಣೆಪ್ಪನೇ ಕೂತರು. ನಡುನಡುವೆ ಅವ್ವ ಒಳಗಿನಿಂದ, "ಯಪ್ಪಾ, ನಿಧಾನಕ್ಕೆ, ರುದ್ರಾಣಿ ಪಕ್ಕೆ ನೋಯ್ತೈತೆ" ಎಂದು ಕೂಗುತ್ತಿದ್ದಳು. ಮೊದಮೊದಲು ನನಗೂ ಗೋಣೆಪ್ಪನಿಗೂ ಅದು ತಮಾಷೆಯಾಗಿತ್ತು.

ಗುಡ್ಡ ಇಳಿಯುವ ತನಕ ತೊಂದರೆಯಾಗಲಿಲ್ಲ, ಕಲ್ಲುನೆಲ. ಬುಡಕ್ಕೆ ಬಂದೆವು ನೋಡು, ಅಲ್ಲಿಂದ ಟಾರು ಕಾಣದಿದ್ದರೂ ಗಟ್ಟಿಯಾಗಿರುವ ಜಲ್ಲಿ ರಸ್ತೆಯ ತನಕ ಬರೀ ಎರೆ ಹೊಲ. ಬೇಸಿಗೆಯಲ್ಲಿ ನಾನು ಬಿರುಕುಗಳನ್ನು ದಾಟಿಕೊಂಡು ಹಾಡು ಹೇಳುತ್ತಾ ನಡೆದಿದ್ದ ಅದೇ ನೆಲ. ಈಗ ಅದು ಅಂಟಿನ ಹಾಗೆ ಆಗಿತ್ತು. ಚಕ್ರ ನಡುವಿನ ಗುಂಬದ ತನಕ ಹೂತುಕೊಂಡಿತು. ಎತ್ತುಗಳು ಮಂಡಿಯೂರಿದವು, ಎದ್ದವು, ಮತ್ತೆ ಊರಿದವು. ನಾವು ಗಾಲಿಗೆ ಹೆಗಲು ಕೊಟ್ಟೆವು, ಕಂಟಿ ಕಡಿದು ಹಾಕಿದೆವು, ಏನೂ ಆಗಲಿಲ್ಲ. ಗಾಡಿಯನ್ನು ಅಲ್ಲೇ ಬಿಟ್ಟೆವು, ಅವ್ವ ಇಳಿದಳು. ಮಲಗಿ ಬರಬೇಕಾದ ರೋಗಿ ಆ ಕೆಸರಿನಲ್ಲಿ ನಡೆಯಲು ಶುರುಮಾಡಿದಳು. ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಅಂಟಿಕೊಳ್ಳುತ್ತದೆ, ಕಿತ್ತು ಇಟ್ಟರೆ ಇನ್ನೊಂದು ಸೇರು. ನಾಲ್ಕು ಹೆಜ್ಜೆಗೊಮ್ಮೆ ನನ್ನ ಭುಜ ಹಿಡಿದು ನಿಂತು ಏದುಸಿರು ಬಿಡುತ್ತಿದ್ದಳು. ಗಟ್ಟಿ ಹೆಂಗಸು, ಎರಡು ಶ್ವಾಸಕೋಶವೂ ಸರಿಯಾಗಿರುವವಳು. ಆ ಏದುಸಿರು ಕೇಳುವಾಗ ನನಗೆ ತಮಾಷೆಯೆಲ್ಲ ಇಳಿದುಹೋಯಿತು.

ಎರೆ ಮುಗಿದರೆ ಹಳ್ಳ. ಬೇಸಿಗೆಯಲ್ಲಿ ಅದು ಹಳ್ಳ ಎಂದೇ ನನಗೆ ಗೊತ್ತಾಗಿರಲಿಲ್ಲ, ಮರಳಿನ ದಾರಿ ಅಂದುಕೊಂಡಿದ್ದೆ. ಈಗ ಕೆಂಪುನೀರು ದಡದಿಂದ ದಡಕ್ಕೆ ಹೋಗುತ್ತಿತ್ತು, ಒಂದು ಜಾಲಿ ಮರವೇ ಬೇರುಸಮೇತ ತೇಲಿಕೊಂಡು ಹೋಯಿತು. "ಮಧ್ಯಾಹ್ನಕ್ಕೆ ಇಳೀತೈತೆ" ಅಂದರು ಗೋಣೆಪ್ಪ. ಒಂದು ಕಂಬಳಿಯ ಕೆಳಗೆ ಮೂವರೂ ಕೂತೆವು. ಅಷ್ಟರಲ್ಲಿ ಆಚೆ ಕಡೆ, ಜಲ್ಲಿ ರಸ್ತೆಯ ಏರಿನಲ್ಲಿ, ದಾವಣಗೆರೆ ಬಸ್ಸಿನ ಹಾರನ್ನು ಕೇಳಿತು. ಮರದ ಸಂದಿನಲ್ಲಿ ಅದರ ಇದ್ದಿಲ ಹೊಗೆ ಕಾಣಿಸಿತು, ಆಮೇಲೆ ಅದೂ ಇಲ್ಲ. ಅವ್ವ ಆ ಕಡೆ ನೋಡಿಕೊಂಡೇ, "ಹೋತು ನೋಡು. ರುದ್ರಾಣಿ ಗಾಳಿ ಹೋತು" ಅಂದಳು. ಗೋಣೆಪ್ಪ ತಲೆ ತಗ್ಗಿಸಿದರು. ಆಮೇಲೆ ತಮ್ಮಷ್ಟಕ್ಕೆ ತಾವೇ ಎನ್ನುವ ಹಾಗೆ, "ನಾವು ಮಳೆಗಾಲದಾಗೆ ಎಲ್ಲಿಗೂ ಹೋಗಲ್ರಿ. ಹಂಗಾಗಿ ಈ ಹಳ್ಳದ ಮಾತು ನಿಮಗೆ ಹೇಳಬೇಕು ಅಂತ ನನಗೆ ಹೊಳೀಲೇ ಇಲ್ಲ" ಅಂದರು. ಅವರ ಮೇಲೆ ನನಗೆ ಕೋಪವೇ ಬರಲಿಲ್ಲ ರುದ್ರಾಣಿ. ಹಳ್ಳ ಇಳಿದ ಮೇಲೆ ಅವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು, ಸೊಂಟಮಟ್ಟದ ನೀರಿನಲ್ಲಿ ದಾಟಿಸಿದವರು ಅವರೇ. ಅತ್ತ ದಡದಲ್ಲಿ ಇಳಿಸಿ, "ಮನೆ ಬ್ಯಾಡ ಅಂದ್ರೂ ಸರಿ, ಹಾಲು ಮಾತ್ರ ನಮ್ಮದೇ" ಅಂದು ತಿರುಗಿ ಹೋದರು. ಈಗ ಆ ಮಾತನ್ನು ನಡೆಸಿಯೂ ಇದ್ದಾರೆ, ಮುಂದೆ ಹೇಳುತ್ತೇನೆ.

ಬಟ್ಟೆಯೆಲ್ಲ ತೊಪ್ಪೆಯಾಗಿ, ನಡುಗುತ್ತಾ, ಜಲ್ಲಿ ರಸ್ತೆ ಹತ್ತಿದೆವು. ಆ ರಸ್ತೆ ಗುಡ್ಡದ ಹೆಗಲನ್ನು ದಾಟುವ ಕಡೆ ಒಂದು ಕಣಿವೆ ಇದೆ, ಇಲ್ಲಿಯವರು ಘಾಟಿಗೆ ಹಾಗೆನ್ನುತ್ತಾರೆ. ಅಲ್ಲಿ ಎತ್ತರದ ತಳಪಾಯದ ಮೇಲೆ ಒಂಟಿ ಮನೆ. ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು ನಮ್ಮ ಅವತಾರ ನೋಡಿ, ಯಾರು ಏನು ಎಂದು ಕೇಳುವ ಮೊದಲೇ ಒಳಗೆ ಕರೆದಳು. ಹೆಸರು ರಹಮತ್‌ಬೀ, ನನಗಿಂತ ಸ್ವಲ್ಪ ದೊಡ್ಡವಳು, ನಾನು ಅಕ್ಕಾ ಎನ್ನುತ್ತೇನೆ. ಅವಳ ಗಂಡ ಈ ರಸ್ತೆ ಮಾಡುವಾಗ ಮೇಸ್ತ್ರಿಯಾಗಿದ್ದನಂತೆ, ತೀರಿಹೋಗಿ ಕೆಲವು ವರ್ಷ ಆಯಿತು. ಅಗ್ಗಿಷ್ಟಿಕೆ ತಂದಿಟ್ಟಳು, ಅವ್ವನಿಗೆ ತನ್ನದೊಂದು ಒಣ ಸೀರೆ ಕೊಟ್ಟಳು, ಶುಂಠಿ ಹಾಕಿ ಚಹಾ ಕಾಯಿಸಿ, ಲೋಟ ಮುಂದಿಡಲು ಸ್ವಲ್ಪ ಹಿಂಜರಿದು ನಿಂತಳು. ನಮ್ಮ ಅವ್ವ ಎಂಥವಳು ಎಂದು ನಿನಗೆ ಗೊತ್ತಲ್ಲ, ಬೇರೆಯವರ ಮನೆಯ ನೀರು ಮುಟ್ಟಿದವಳಲ್ಲ. ತಾನೇ ಕೈ ಚಾಚಿ ಲೋಟ ತಗೊಂಡು, "ಮಡಿ ಗಿಡಿ ಎಲ್ಲಾ ಹಳ್ಳದಾಗೆ ತೊಳಕೊಂಡು ಹೋತು ಕಣವ್ವಾ, ಕೊಡು" ಅಂದಳು. ಕುಡಿದು, ಇನ್ನೊಂದು ಲೋಟವನ್ನೂ ಕೇಳಿದಳು.

ಆ ಮನೆಗೆ ಮಗ್ಗುಲಲ್ಲಿ ಎರಡು ಕೋಣೆಯ ಇನ್ನೊಂದು ಭಾಗ ಇದೆ. ರಸ್ತೆ ಕೆಲಸ ನೋಡಲು ಬರುವ ಸಾಹೇಬರು ಇಳಿದುಕೊಳ್ಳಲಿ ಎಂದು ಮೇಸ್ತ್ರಿ ಕಟ್ಟಿಸಿದ್ದಂತೆ. ದೊಡ್ಡ ಕಿಟಕಿಗಳು, ಸುತ್ತ ಜಗುಲಿ, ಹೆಂಚಿನ ಸೂರು. ಕಣಿವೆಯ ನೆತ್ತಿಯಾದ್ದರಿಂದ ನೀರು ಎರಡೂ ಕಡೆ ಹರಿದು ಹೋಗುತ್ತದೆ, ಅಷ್ಟು ಮಳೆ ಹುಯ್ದಿದ್ದರೂ ಗೋಡೆಯ ಬುಡಕ್ಕೆ ಕೈಯಿಟ್ಟು ನೋಡಿದೆ, ಒಣಗಿತ್ತು. ಗೋಣೆಪ್ಪನ ಮನೆಯಷ್ಟು ಎತ್ತರ ಅಲ್ಲ, ಆದರೂ ಎತ್ತರವೇ, ಗಾಳಿಗೆ ಕೊರತೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಈಗ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನ ಮೇಲೆ ಓಡುವುದಲ್ಲ, ಏರು ಹತ್ತುವಷ್ಟರಲ್ಲಿ ಅವಕ್ಕೆ ಉಸಿರೇ ಇರುವುದಿಲ್ಲ. ದಾವಣಗೆರೆ ಬಸ್ಸು ಹೋಗುವಾಗಲೂ ಬರುವಾಗಲೂ ರಹಮತ್‌ಬೀ ಅಕ್ಕನ ಮನೆಯ ಮುಂದೆಯೇ ನಿಂತು, ಇದ್ದಿಲು ಕೆದಕಿ, ಹೊಸ ಇದ್ದಿಲು ಸುರಿದು, ಗಾಳಿ ತಿದಿ ತಿರುಗಿಸಿ ಆಮೇಲೆ ಹೊರಡುತ್ತದೆ. ಓಡಿಸುವವನು ಅವಳ ತಮ್ಮ ಗೌಸ್‌ಪೀರ್. ಸಂಜೆ ಬಸ್ಸು ವಾಪಸ್ಸು ಬಂದು ನಿಂತಾಗ ನಾನು, ಮಳೆಯಲ್ಲೂ ನಿಲ್ಲಿಸುತ್ತೀರಾ ಎಂದು ಕೇಳಿದೆ. ಮಸಿ ಹಿಡಿದ ಕೈ ಒರೆಸಿಕೊಳ್ಳುತ್ತಾ ನಕ್ಕ. "ಅಣ್ಣಾರೇ, ನಿಲ್ಲಸ್ರಿ ಅಂತ ನೀವು ಕೇಳೋದೇ ಬ್ಯಾಡ. ಇಲ್ಲಿ ಅದು ತಾನಾಗೇ ನಿಲ್ತೈತೆ, ಹೊರಡಸಾಕೆ ನನ್ನ ಜೀವ ಹೋಗ್ತೈತೆ" ಅಂದ.

ಆದರೆ ಕಾಯಿಲೆಯ ಹೆಸರು ಇನ್ನೂ ಹೇಳಿರಲಿಲ್ಲ. ಒಂಟಿ ಹೆಂಗಸು, ನಡುವೆ ಒಂದೇ ಗೋಡೆ. ಎರಡು ಬಾಗಿಲು ನನ್ನ ಮುಖಕ್ಕೆ ಮುಚ್ಚಿದ್ದವು, ಮೂರನೆಯದು ಇಷ್ಟು ಬೆಚ್ಚಗೆ ತೆರೆದಿರುವಾಗ ಬಾಯಿಬಿಡಲು ನನಗೆ ಧೈರ್ಯ ಸಾಲದೆ ಸುಮ್ಮನೆ ಬೆಂಕಿ ನೋಡುತ್ತಾ ಕೂತಿದ್ದೆ. ಅವ್ವನೇ ಹೇಳಿದಳು. "ಮನೆ ಬೇಕಾಗಿರೋದು ನನ್ನ ಸೊಸೆಗೆ. ಅವಳಿಗೆ ಕ್ಷಯ. ವಾಸಿ ಆಗ್ತಾ ಐತೆ, ಕಫದಾಗೆ ಈಗ ಏನೂ ಇಲ್ಲ ಅಂತ ಡಾಕ್ಟ್ರು ಹೇಳ್ಯಾರೆ. ಆದ್ರೂ ಕ್ಷಯನೇ. ನೀನು ಬ್ಯಾಡ ಅಂದ್ರೆ ನಮಗೇನೂ ಬ್ಯಾಸ್ರ ಇಲ್ಲ, ಸೀರೆ ಒಗೆದು ಕಳಿಸ್ತೀನಿ." ರಹಮತ್‌ಬೀ ಅಕ್ಕ ಅಗ್ಗಿಷ್ಟಿಕೆಗೆ ಇನ್ನೊಂದಿಷ್ಟು ಇದ್ದಿಲು ಹಾಕಿದಳು. ಎದ್ದು ಒಳಗೆ ಹೋದಳು. ನಾನು ಮುಗಿಯಿತು ಅಂದುಕೊಂಡು ಚಪ್ಪಲಿ ಹುಡುಕಿದೆ. ಅವಳು ವಾಪಸ್ಸು ಬಂದದ್ದು ಪಕ್ಕದ ಕೋಣೆಯ ಬೀಗದ ಕೈ ಹಿಡಿದುಕೊಂಡು. "ನಮ್ಮನೆಯವರು ಈ ಏರಿನಾಗೆ ಕಲ್ಲು ಹಾಕಿಸ್ತಾ ಹಾಕಿಸ್ತಾ ಮುದುಕರಾದ್ರು. ಕಾಯಿಲೆ ಬಿದ್ದೋರು ಹೋಗಾಕೆ ಆಗಲ್ಲ ಅಂದ್ರೆ ರಸ್ತೆ ಯಾತಕ್ಕಮ್ಮಾ?" ಅಂದಳು. ಆಮೇಲೆ, "ಆಕೆಗೆ ಯಾವ ಕಿಟಕಿ ಕಡೆ ಮಂಚ ಹಾಕಾಣ, ಬಂದು ನೋಡಿ ಹೇಳ್ರಿ" ಅಂದಳು. ಅವ್ವ ಅವಳ ಕೈ ಹಿಡಿದುಕೊಂಡು ಅತ್ತಳು. ನಾನು ಹೊರಗೆ ಹೋಗಿ ಬಸ್ಸಿನವರು ಕೆದಕಿ ಬಿಟ್ಟುಹೋದ ಇದ್ದಿಲು ನೋಡುತ್ತಾ ನಿಂತೆ.

ಆಮೇಲೂ ಅವ್ವ ಬಿಡಲಿಲ್ಲ. ಒಂದು ಸಲ ಪೆಟ್ಟು ತಿಂದವಳು, ಇದನ್ನೂ ನೋಡಿಯೇ ಬಿಡೋಣ ಅಂದಳು. ಹೋದ ವಾರ ಹಸ್ತೆ ಮಳೆ ಆಕಾಶ ಹರಿದಂತೆ ಸುರಿಯುತ್ತಿದ್ದ ದಿನ ನೋಡಿ, ಮತ್ತೆ ರುದ್ರಾಣಿಯಾಗಿ, ಕಣಿವೆ ಮನೆಯ ಜಗುಲಿಯಿಂದ ಸೀದಾ ಬಸ್ಸು ಹತ್ತಿದಳು. ಕಾಲು ಒದ್ದೆಯಾಗಲಿಲ್ಲ. ನಾವು ಹೋಗಿ, ಡಾಕ್ಟರನ್ನು ಕಂಡು, ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬಂದೆವು. ಏರಿನಲ್ಲಿ ಒಂದು ಕಡೆ ಗಂಡಸರೆಲ್ಲ ಇಳಿದು ಬಸ್ಸು ನೂಕಬೇಕಾಯಿತು, ಅದು ನಿನಗೆ ಬರುವ ಕಷ್ಟವಲ್ಲ, ನನಗೆ ಬರುವುದು. ಮಾರನೇ ದಿನವೇ ಮನೆ ಗಟ್ಟಿ ಮಾಡಿದೆ. ಬಾಡಿಗೆಯ ಯೋಚನೆ ನನಗೆ ಬಿಡು. ಗೋಣೆಪ್ಪ ಆಗಲೇ ಒಂದು ಕರಾವಿನ ಹಸುವನ್ನು ಹಳ್ಳ ದಾಟಿಸಿ ತಂದು ಕಣಿವೆ ಮನೆಯ ಹಿಂದೆ ಕಟ್ಟಿ ಹೋಗಿದ್ದಾರೆ. ಮಳೆಗಾಲದಲ್ಲಿ ಹಾಲು ಇಳಿದು ಬರಲಾರದು, ಹಸುವೇ ಇಲ್ಲಿರಲಿ ಅಂದರು. ಸುಣ್ಣ ಬಳಿದಾಯಿತು. ನನ್ನ ಮಿಷನ್ನೂ ಅಂಗಡಿಯಿಂದ ಈ ಮನೆಯ ಜಗುಲಿಗೆ ಬಂತು. ಬಸ್ಸು ನಿಂತ ಹೊತ್ತಿನಲ್ಲಿ ಪ್ರಯಾಣದವರು ಹರಿದ ಅಂಗಿ ಕೊಟ್ಟು, ವಾಪಸ್ಸು ಬರುವಾಗ ಇಸಕೊಂಡು ಹೋಗುತ್ತಾರೆ.

ನಿನ್ನ ಒಂದೇ ಆಸೆಯನ್ನು ನನ್ನಿಂದ ನಡೆಸಿಕೊಡಲು ಆಗಲಿಲ್ಲ. ಇದು ಯಾರ ಕಣ್ಣೂ ಬೀಳದ ಮನೆಯಲ್ಲ. ದಿನಕ್ಕೆರಡು ಸಲ ಒಂದು ಬಸ್ಸು ತುಂಬ ಜನ ನಿನ್ನ ಜಗುಲಿಯ ಮುಂದೆ ನಿಂತು ನೋಡುತ್ತಾರೆ. ಮೊದಲು ಇದನ್ನು ಹೇಗೆ ಬರೆಯಲಿ ಎಂದು ಕೂತಿದ್ದೆ. ಆದರೆ ರುದ್ರಾಣಿ, ಯಾರೂ ನೋಡದ ಕಡೆ ನಿನ್ನನ್ನು ಇಟ್ಟರೆ, ಕಷ್ಟ ಬಂದ ದಿನವೂ ಯಾರೂ ನೋಡುವುದಿಲ್ಲ ಎಂಬುದು ಆ ಹಳ್ಳದ ದಡದಲ್ಲಿ ನನಗೆ ಅರ್ಥವಾಯಿತು. ಜನ ನೋಡಲಿ. ತಿಂಗಳಿಂದ ತಿಂಗಳಿಗೆ ನಿನ್ನ ಕೆನ್ನೆ ತುಂಬುವುದನ್ನು ನೋಡಲಿ. ಬಾಗಿಲು ಮುಚ್ಚಿದವರ ಮುಖ ನೆನೆದು ನೀನು ಹೆದರಿದ್ದೀಯ, ನಾನೂ ಹೆದರಿದ್ದೆ. ಈಗ ಕಣ್ಣು ಮುಚ್ಚಿದರೆ ನನಗೆ ಆ ಮುಖಗಳು ಬರುವುದಿಲ್ಲ. ಹೆಗಲ ಮೇಲೆ ಅವ್ವನನ್ನು ಹೊತ್ತ ಗೋಣೆಪ್ಪ ಬರುತ್ತಾರೆ, ಬೀಗದ ಕೈ ಹಿಡಿದ ರಹಮತ್‌ಬೀ ಅಕ್ಕ ಬರುತ್ತಾಳೆ. ನಾವು ಇವರಿಗೆಲ್ಲ ಏನು ಮಾಡಿದ್ದೆವು ಹೇಳು? ಕೆಲವು ದಿನ ಮಿಷನ್ನು ತುಳಿಯುತ್ತಾ ಇದನ್ನೇ ಯೋಚಿಸುತ್ತೇನೆ, ದಾರ ಕಿತ್ತುಹೋದದ್ದೂ ಗೊತ್ತಾಗುವುದಿಲ್ಲ.

ದೀಪಾವಳಿ ಕಳೆದ ಮೇಲೆ ಕಳಿಸುತ್ತೇವೆ ಎಂದು ನಿಮ್ಮ ಡಾಕ್ಟರು ಬರೆದಿದ್ದಾರೆ. ನಾನೇ ಬಂದು ಕರೆದುಕೊಂಡು ಬರುತ್ತೇನೆ. ರೈಲಿನಲ್ಲಿ ದಾವಣಗೆರೆ ತನಕ, ಅಲ್ಲಿಂದ ಗೌಸ್‌ಪೀರನ ಬಸ್ಸಿನಲ್ಲಿ ಮುಂದಿನ ಸೀಟು, ಅವನು ಆಗಲೇ ಒಪ್ಪಿದ್ದಾನೆ. ದಪ್ಪ ಶಾಲು ಕೈಚೀಲದಲ್ಲೇ ಇಟ್ಟುಕೋ, ಪೆಟ್ಟಿಗೆಗೆ ಹಾಕಬೇಡ. ಅಲ್ಲಿ ನಿನ್ನನ್ನು ನೋಡಿಕೊಂಡ ನರ್ಸಮ್ಮನವರಿಗೂ ಡಾಕ್ಟರಿಗೂ ನಾವು ಮನೆಮಂದಿಯೆಲ್ಲ ಕೈಮುಗಿದಿದ್ದೇವೆ ಎಂದು ಹೇಳು. ಅವ್ವ ನಿನಗೆ ನೂರು ವರ್ಷ ಬಾಳು ಎಂದಿದ್ದಾಳೆ. ರಹಮತ್‌ಬೀ ಅಕ್ಕ ದುವಾ ಹೇಳಿದ್ದಾಳೆ.

ನಿನ್ನ ದಾರಿ ನೋಡುತ್ತಿರುವ,
ಧರ್ಮಪ್ಪ

ಮರೆತ ಮಾತಲ್ಲ, ಬರೆಯಲು ಹೆದರಿ ಕೊನೆಗೆ ಉಳಿಸಿದ್ದು. ಬಸ್ಸು ಬಂದು ನಿಂತಿದೆ, ಗೌಸ್‌ಪೀರ್ ಟಪಾಲಿಗೆ ಹಾಕಲು ಕೈ ಚಾಚಿಕೊಂಡು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ದಾವಣಗೆರೆಗೆ ಹೋದ ದಿನ ಅವ್ವ ಡಾಕ್ಟರನ್ನು ಮಂಗಳಿಯ ವಿಷಯ ಕೇಳಿಬಿಟ್ಟಳು. ಅವರು ಮೈಸೂರಿನ ಕಾಗದಗಳನ್ನೆಲ್ಲ ನೋಡಿ, ಮಗು ಅದೇ ಮನೆಯಲ್ಲಿ ಇರಬಹುದು, ಮಲಗುವುದು ಮಾತ್ರ ಬೇರೆ ಕೋಣೆಯಲ್ಲಿ ಎಂದರು. ಎರಡನೇ ಕೋಣೆ ಅದಕ್ಕೇ ಇಟ್ಟಿದ್ದೇನೆ, ಅವ್ವ ಅವಳ ಜೊತೆ ಮಲಗುತ್ತಾಳೆ. ಮಗುವನ್ನು ನನ್ನ ಹತ್ತಿರ ತರಬೇಡಿರಿ ಎಂದು ನೀನು ಪ್ರತಿ ಕಾಗದದಲ್ಲೂ ಬರೆಯುತ್ತೀಯ. ಈ ಸಲ ಹಾಗೆ ಬರೆಯಬೇಡ. ಮೊನ್ನೆ ನ್ಯಾಮತಿಗೆ ಹೋದಾಗ ಅವಳಿಗೆ ಹೇಳಿದೆ. ಕುಣಿಯುತ್ತಾಳೆ ಅಂದುಕೊಂಡಿದ್ದೆ, ಕುಣಿಯಲಿಲ್ಲ. ಬಾಯಿಗೆ ಕೈ ಇಟ್ಟುಕೊಂಡು ಬಹಳ ಯೋಚಿಸಿ, "ಅವ್ವಗೆ ನನ್ನ ಗುರುತು ಸಿಕ್ತೈತಾ?" ಎಂದು ಕೇಳಿದಳು. ಉತ್ತರ ನೀನೇ ಬರೆ. ಅವಳ ಹೆಸರಿಗೇ ಬರೆ. ಓದಿಸಿಕೊಂಡು ಕೇಳುತ್ತಾಳೆ.